ಐಇಎಲ್‌ಟಿಎಸ್‌ಗೆ ಯಾವ ಗ್ರಾಮರ್ ಪುಸ್ತಕ ಅಂತ ಕೇಳಿದವರಿಗೆ

ಮೊನ್ನೆ ಹೊರದೇಶದ ಕನ್ನಡಿಗರ ನಮ್ಮ ಗುಂಪಿನಲ್ಲಿ ಒಬ್ಬರು ಕೇಳಿದ್ದರು. ಹೆಂಡತಿ, ಮಗು ಇನ್ನೂ ಮಂಡ್ಯದಲ್ಲೇ ಇದ್ದಾರೆ, ವೀಸಾಗೆ ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆಯಬೇಕು, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆಮೇಲೆ ಬಿ.ಕಾಂ., ಯಾವ ಗ್ರಾಮರ್ ಪುಸ್ತಕ ಕೊಡಿಸಲಿ ಅಂತ. ಕೆಳಗೆ ಸಾಲು ಸಾಲಾಗಿ ಪುಸ್ತಕದ ಹೆಸರುಗಳು ಬಂದವು. ನಾನು ಸದ್ಯ ಮೆಲ್ಬರ್ನ್‌ನಿಂದ ರಜೆಗೆ ಬಂದು ಮೈಸೂರಿನ ಕುವೆಂಪುನಗರದಲ್ಲಿ ಅಮ್ಮನ ಮನೆಯಲ್ಲಿದ್ದೇನೆ. ನನ್ನ ತಂಗಿಯೂ ಇದೇ ಪರೀಕ್ಷೆಗೆ ಓದುತ್ತಿದ್ದಾಳೆ. ಸಂಜೆಯಾದರೆ ಅವಳು ಬರೆದದ್ದನ್ನು ತಿದ್ದುವುದು ನನ್ನ ಪಾಲಿನ ಕೆಲಸ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ.

ಪುಸ್ತಕದಿಂದ ಶುರು ಮಾಡಬೇಡಿ ಸಾರ್. ನಿಮ್ಮ ಮನೆಯವರಿಗೆ ಗ್ರಾಮರ್ ಗೊತ್ತಿಲ್ಲ ಅಂತ ನನಗೆ ಅನ್ನಿಸುವುದಿಲ್ಲ. ನಮ್ಮ ಕಡೆ ಹೈಸ್ಕೂಲಿನಲ್ಲಿ ಪ್ಯಾಸಿವ್ ವಾಯ್ಸ್, ರಿಪೋರ್ಟೆಡ್ ಸ್ಪೀಚ್, ಆರ್ಟಿಕಲ್ ಎಲ್ಲವನ್ನೂ ಅರೆದು ಕುಡಿಸಿರುತ್ತಾರೆ. ಬಿಟ್ಟ ಸ್ಥಳ ತುಂಬಿ ಅಂದರೆ ಥಟ್ ಅಂತ ತುಂಬುತ್ತಾರೆ. ಆದರೆ ನೀನೇ ಒಂದು ವಾಕ್ಯ ಕಟ್ಟು ಅಂತ ಯಾರೂ ಕೇಳಿರುವುದಿಲ್ಲ. ಪ್ರಬಂಧ ಕೂಡ ಗೈಡ್ ನೋಡಿ ಬಾಯಿಪಾಠ. ಈಗ ಪರೀಕ್ಷೆಯಲ್ಲಿ ಕೂತಾಗ ಕನ್ನಡದಲ್ಲಿ ಯೋಚಿಸಿದ್ದು ಹಾಗೇ ಇಂಗ್ಲಿಷ್ ಪದ ಹಾಕಿಕೊಂಡು ಹೊರಗೆ ಬರುತ್ತದೆ. ಅದು ಎಲ್ಲೆಲ್ಲಿ ಎಡವುತ್ತದೆ ಅಂತ ಹಿಡಿದು ಅಷ್ಟನ್ನೇ ತಿದ್ದಿಕೊಂಡರೆ ಸಾಕು. ಆ ಜಾಗಗಳು ಬಹಳ ಇಲ್ಲ.

ಅದಕ್ಕೂ ಮುಂಚೆ ಒಂದು ಮಾತು. ನೀವು ಯಾವ ದೇಶದಲ್ಲಿದ್ದೀರಿ ಅಂತ ಬರೆದಿಲ್ಲ. ಬ್ರಿಟನ್ನಿನ ಫ್ಯಾಮಿಲಿ ವೀಸಾ ಆದರೆ ಹೆಂಡತಿಗೆ ಮೊದಲ ಸಲ ಕೇಳುವುದು ಎ1 ಮಟ್ಟದ, ಅಂದರೆ ತೀರಾ ಆರಂಭದ ಹಂತದ, ಇಂಗ್ಲಿಷ್. ಅದಕ್ಕೆ ಐಇಎಲ್‌ಟಿಎಸ್ ಲೈಫ್ ಸ್ಕಿಲ್ಸ್ ಅಂತ ಬೇರೆಯೇ ಪರೀಕ್ಷೆ ಇದೆ. ಮಾತಾಡುವುದು, ಕೇಳಿಸಿಕೊಳ್ಳುವುದು, ಅಷ್ಟೇ. ಬರೆಯುವುದೇ ಇಲ್ಲ, ಬ್ಯಾಂಡ್ ಅನ್ನುವ ಅಂಕವೂ ಇಲ್ಲ, ಪಾಸ್ ಇಲ್ಲವೇ ಫೇಲ್. ಅದಕ್ಕೆ ದಪ್ಪ ಗ್ರಾಮರ್ ಪುಸ್ತಕ ತಂದರೆ ಸುಮ್ನೆ ದುಡ್ಡು ದಂಡ. ಕೆನಡಾ, ಆಸ್ಟ್ರೇಲಿಯಾದ ಪಿಆರ್ (ಕಾಯಂ ವಾಸದ ಪರವಾನಗಿ) ಆದರೆ ಕಥೆ ಬೇರೆ. ಅಲ್ಲಿ ಗಂಡ ಹೆಂಡತಿಯರಲ್ಲಿ ಇನ್ನೊಬ್ಬರ ಇಂಗ್ಲಿಷಿಗೂ ಪಾಯಿಂಟ್ಸ್ ಸಿಗುತ್ತದೆ. ಐಇಎಲ್‌ಟಿಎಸ್‌ನ ಜನರಲ್ ಟ್ರೈನಿಂಗ್ ಅಥವಾ ಪಿಟಿಇ ಅನ್ನುವ ಇನ್ನೊಂದು ಇಂಗ್ಲಿಷ್ ಪರೀಕ್ಷೆ ಬರೆಯುವವರಿಗಾಗಿ ಮುಂದಿನದೆಲ್ಲ.

ಐಇಎಲ್‌ಟಿಎಸ್ ರೈಟಿಂಗ್ ಒಂದು ಗಂಟೆ. ಕನಿಷ್ಠ 150 ಪದದ ಒಂದು ಪತ್ರ, ಕನಿಷ್ಠ 250 ಪದದ ಒಂದು ಪ್ರಬಂಧ. ಪತ್ರಕ್ಕಿಂತ ಪ್ರಬಂಧಕ್ಕೆ ಎರಡರಷ್ಟು ತೂಕ. ಗ್ರಾಮರ್‌ಗೆ ಇರುವುದು ನಾಲ್ಕರಲ್ಲಿ ಒಂದು ಪಾಲು. ಉಳಿದ ಮೂರು ಪಾಲು, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಬಂತಾ, ಮಾತು ಒಂದಕ್ಕೊಂದು ಹೊಂದಿಕೊಂಡು ಹೋಯಿತಾ, ಪದಗಳು ಹೇಗಿವೆ ಅನ್ನುವುದಕ್ಕೆ. ಸ್ಪೀಕಿಂಗ್‌ನಲ್ಲೂ ಗ್ರಾಮರ್ ಕಾಲು ಭಾಗವೇ. ಆ ಕಾಲು ಭಾಗದಲ್ಲಿ ನೋಡುವುದು ಎರಡು ವಿಷಯ: ಬಗೆಬಗೆಯ ವಾಕ್ಯ ಇದೆಯಾ, ತಪ್ಪಿಲ್ಲದ ವಾಕ್ಯ ಎಷ್ಟಿದೆ. ಏಳು ಬ್ಯಾಂಡ್ ಬೇಕಾದರೆ ಒಂದೂ ತಪ್ಪಿಲ್ಲದ ವಾಕ್ಯಗಳು ಆಗಾಗ ಸಿಗುತ್ತಿರಬೇಕು. ಅದಕ್ಕೇ ನಾನು ತಂಗಿಯ ತಪ್ಪು ಎಣಿಸುವುದು ಬಿಟ್ಟಿದ್ದೇನೆ. ಪೂರ್ತಿ ಸರಿ ಇರುವ ವಾಕ್ಯಕ್ಕೆ ಮಾತ್ರ ಹಸಿರು ಪೆನ್ನಿನಲ್ಲಿ ಟಿಕ್. ಒಂದೇ ವಾಕ್ಯದಲ್ಲಿ ನಾಲ್ಕು ತಪ್ಪು ಇದ್ದರೂ ಹೋಗಲಿ, ಪಕ್ಕದ ಮೂರು ವಾಕ್ಯ ಶುದ್ಧವಾಗಿದ್ದರೆ ಅದು ಲಾಭವೇ. ಈ ಲೆಕ್ಕ ಗೊತ್ತಾದ ಮೇಲೆ ಅವಳ ಭಯವೂ ಅರ್ಧ ಇಳಿಯಿತು.

ಈಗ ಎಡವುವ ಜಾಗಕ್ಕೆ ಬರುತ್ತೇನೆ. ಕನ್ನಡದಲ್ಲಿ ನಾವು 'ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ತಿಂಡಿ ತಿಂದು, ಮಗುನ ಸ್ಕೂಲಿಗೆ ಬಿಟ್ಟು, ಬಸ್ ಹತ್ತಿ ಮೈಸೂರಿಗೆ ಹೋದೆ' ಅಂತ ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಎಷ್ಟು ಕೆಲಸ ಬೇಕಾದರೂ ಸೇರಿಸಿ, ಕೊನೆಯ 'ಹೋದೆ' ಎಲ್ಲವನ್ನೂ ಹೊತ್ತುಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಇಷ್ಟು ಸಲೀಸಾಗಿ ಪೋಣಿಸಲು ಆಗುವುದಿಲ್ಲ. ಆಗ ಏನಾಗುತ್ತದೆ? ಆ್ಯಂಡ್, ಆ್ಯಂಡ್, ಆ್ಯಂಡ್. ಇಲ್ಲವೇ ಕಾಮಾ ಹಾಕುತ್ತಾ ನಾಲ್ಕು ವಾಕ್ಯ ಅಂಟಿಸಿಬಿಡುವುದು. ಎರಡನೆಯದರಲ್ಲಿ ಜಾಸ್ತಿ ನಷ್ಟ. ಎರಡು ಪೂರ್ತಿ ವಾಕ್ಯದ ನಡುವೆ ಬರೀ ಕಾಮಾ ಇದ್ದರೆ ಇಂಗ್ಲಿಷಿನಲ್ಲಿ ಅದು ತಪ್ಪು, ಎರಡೂ ವಾಕ್ಯದ ಟಿಕ್ ಹೋಯಿತು.

ಅಭ್ಯಾಸ ಹೀಗೆ. ದಿನಕ್ಕೊಂದು ಇಂಥ ಉದ್ದದ ಕನ್ನಡ ವಾಕ್ಯ ತೆಗೆದುಕೊಳ್ಳಲಿ. ಅದರಲ್ಲಿ ಮುಖ್ಯವಾದ ಕೆಲಸ ಯಾವುದು ಅಂತ ಮೊದಲು ಆರಿಸಲಿ. ಅದಕ್ಕೆ ಆತುಕೊಂಡ ಇನ್ನೊಂದನ್ನು ಮಾತ್ರ ಜೊತೆಗಿಟ್ಟುಕೊಳ್ಳಲಿ: 'ಆಫ್ಟರ್ ಡ್ರಾಪಿಂಗ್ ಮೈ ಚೈಲ್ಡ್ ಅಟ್ ಸ್ಕೂಲ್, ಐ ಟುಕ್ ದ ಬಸ್ ಟು ಮೈಸೂರು.' ಸ್ನಾನ, ತಿಂಡಿ ಬೇಕೇ ಬೇಕು ಅಂದರೆ ಬೇರೆ ವಾಕ್ಯ. ಪರೀಕ್ಷಕರಿಗೆ ನಿಮ್ಮ ಸ್ನಾನದ ವಿಷಯ ಬೇಕಿಲ್ಲ, ಬಿಡಿ.

ಇದರದ್ದೇ ಇನ್ನೊಂದು ಮುಖ ಇದೆ. ಕನ್ನಡದಲ್ಲಿ ವಿವರ ಮೊದಲು ಬರುತ್ತದೆ, ಹೆಸರು ಆಮೇಲೆ. 'ನಮ್ಮ ಬೀದಿ ಕೊನೆಯಲ್ಲಿ ಹೂ ಮಾರುವ ಅಜ್ಜಿ'. ಇಂಗ್ಲಿಷಿನಲ್ಲಿ ಅಜ್ಜಿ ಮೊದಲು ಬಂದು ಕೂರಬೇಕು, ಹೂವು, ಬೀದಿ ಎಲ್ಲ ಅವರ ಹಿಂದೆ. ಇದು ಕಷ್ಟ ಅಂತ ನಮ್ಮವರು ತಪ್ಪಿಸಿಕೊಂಡು ಬರೀ ಚಿಕ್ಕ ಚಿಕ್ಕ ವಾಕ್ಯ ಬರೆಯುತ್ತಾರೆ. ತಪ್ಪಿರುವುದಿಲ್ಲ, ಆದರೆ ಬಗೆಬಗೆಯ ವಾಕ್ಯ ಇಲ್ಲ ಅಂತ ಅಂಕ ಅಲ್ಲೇ ನಿಲ್ಲುತ್ತದೆ. ಇದಕ್ಕೆ ಬಾಯಲ್ಲೇ ಆಡುವ ಒಂದು ಆಟ ಇದೆ. 'ಮದ್ದೂರಿನಲ್ಲಿ ರೈಲು ನಿಂತಾಗ ತಿಂದ ವಡೆ' ಅಂತ ನಾನು ಹೇಳುತ್ತೇನೆ. 'ದ ವಡಾ ವಿ ಏಟ್ ವೆನ್ ದ ಟ್ರೈನ್ ಸ್ಟಾಪ್ಡ್ ಅಟ್ ಮದ್ದೂರು' ಅಂತ ತಂಗಿ ತಿರುಗಿಸುತ್ತಾಳೆ. ಪಿಟಿಇ ಅಕಾಡೆಮಿಕ್ ಬರೆಯುವವರಿಗೆ ಇದು ನೇರವಾಗಿ ಕೆಲಸಕ್ಕೆ ಬರುತ್ತದೆ. ಅಲ್ಲಿ ಒಂದು ಪ್ಯಾರಾ ಓದಿ ಹತ್ತು ನಿಮಿಷದಲ್ಲಿ ಒಂದೇ ಒಂದು ವಾಕ್ಯದಲ್ಲಿ, 75 ಪದ ಮೀರದಂತೆ, ಸಾರ ಬರೆಯಬೇಕು. ಎರಡನೇ ಫುಲ್‌ಸ್ಟಾಪ್ ಇಡುವ ಹಾಗೇ ಇಲ್ಲ.

ಉಳಿದ ತಪ್ಪುಗಳು ಚಿಕ್ಕವು. 'ಐದು ವರ್ಷದಿಂದ ಕೆಲಸ ಮಾಡ್ತಿದ್ದೀನಿ' ಅನ್ನುವುದು 'ಐ ಆ್ಯಮ್ ವರ್ಕಿಂಗ್ ಸಿನ್ಸ್ ಫೈವ್ ಇಯರ್ಸ್' ಆಗಿಬಿಡುತ್ತದೆ. 'ಹ್ಯಾವ್ ಬೀನ್ ವರ್ಕಿಂಗ್ ಫಾರ್ ಫೈವ್ ಇಯರ್ಸ್' ಅಂತ ನಾಲಿಗೆಗೆ ಕೂರಿಸಿಕೊಳ್ಳಬೇಕು. 'ಐದು ಪುಸ್ತಕ' ಅನ್ನುವ ನಮಗೆ ಪುಸ್ತಕದ ಕೊನೆಗೆ ಎಸ್ ಮರೆತುಹೋಗುತ್ತದೆ. ಇದು ಲಿಸನಿಂಗ್‌ನಲ್ಲೂ ಹೊಡೆತ ಕೊಡುತ್ತದೆ. ಆಡಿಯೋ ಒಂದೇ ಸಲ ಹಾಕುತ್ತಾರೆ, ಬಹುವಚನ ಇರಬೇಕಾದ ಕಡೆ ಎಸ್ ಬಿಟ್ಟರೆ ಉತ್ತರವೇ ತಪ್ಪು. ಆರ್ಟಿಕಲ್ ನಿಯಮ ಪೂರ್ತಿ ಕಲಿಯಲು ಕೂರಬೇಡಿ, ಮುಗಿಯುವ ಮಾತಲ್ಲ. ತಾನು ಮಾತಾಡುವ ಊರಿನ ಹೆಸರುಗಳನ್ನು ಸರಿ ಮಾಡಿಟ್ಟುಕೊಂಡರೆ ಸಾಕು. ನದಿಗೆ 'ದ' ಬೇಕು, ದ ಕಾವೇರಿ. ಕೆರೆಗೆ ಬೇಡ, ಬರೀ ಕುಕ್ಕರಹಳ್ಳಿ ಲೇಕ್.

ಪತ್ರದ ಬಗ್ಗೆ ನಗು ಬರುತ್ತದೆ. ಸ್ನೇಹಿತೆಯನ್ನು ಊಟಕ್ಕೆ ಕರೆದು ಪತ್ರ ಬರೆಯಿರಿ ಅಂದರೆ ನಮ್ಮವರು ಹೆಡ್ ಮಾಸ್ಟರಿಗೆ ಬರೆದ ರಜಾ ಅರ್ಜಿಯ ಧಾಟಿಗೆ ಇಳಿಯುತ್ತಾರೆ. 'ರೆಸ್ಪೆಕ್ಟೆಡ್', 'ಕೈಂಡ್ಲಿ ಡು ದ ನೀಡ್‌ಫುಲ್', 'ಥ್ಯಾಂಕಿಂಗ್ ಯು, ಯುವರ್ಸ್ ಒಬೀಡಿಯೆಂಟ್ಲಿ'. ಸ್ಕೂಲಿನಲ್ಲಿ ಕಲಿಸಿದ್ದೇ ಒಂದು ಪತ್ರ, ಪಾಪ ಏನು ಮಾಡುತ್ತಾರೆ. ಸ್ನೇಹಿತರಿಗೆ, ಗೊತ್ತಿರುವ ಮನೆ ಮಾಲೀಕರಿಗೆ, ಗೊತ್ತಿಲ್ಲದ ಮ್ಯಾನೇಜರಿಗೆ, ಹೀಗೆ ಒಂದೇ ವಿಷಯವನ್ನು ಮೂರು ಧಾಟಿಯಲ್ಲಿ ಬರೆದು ನೋಡಲಿ. ತಂಗಿ ಹೋಗುತ್ತಿದ್ದ ಒಂದು ಕೋಚಿಂಗ್ ಸೆಂಟರಿನಲ್ಲಿ ಎಲ್ಲರಿಗೂ ಒಂದೇ ಪ್ರಬಂಧದ ಅಚ್ಚು ಕೊಟ್ಟು ಬಾಯಿಪಾಠ ಮಾಡಿಸುತ್ತಿದ್ದರು. ಬಾಯಿಪಾಠದ ಸಾಲುಗಳನ್ನು ಪರೀಕ್ಷಕರು ಗುರುತಿಸುತ್ತಾರೆ, ಅದಕ್ಕೆ ಅಂಕ ಸಿಗುವುದಿಲ್ಲ. ಫೀಸ್ ಮಾತ್ರ ಕಮ್ಮಿ ಇರಲಿಲ್ಲ.

ನರ್ಸಿಂಗ್ ಅಥವಾ ಓದಿಗಾಗಿ ಅಕಾಡೆಮಿಕ್ ಬರೆಯುವವರಿಗೆ ಪತ್ರದ ಬದಲು ಚಾರ್ಟ್, ಇಲ್ಲವೇ ಒಂದು ವಸ್ತು ತಯಾರಾಗುವ ಚಿತ್ರ ಬರುತ್ತದೆ. ಮಂಡ್ಯದವರಿಗೆ ಅದಕ್ಕಿಂತ ಸುಲಭ ಇನ್ನೇನು? ಆಲೆಮನೆಯಲ್ಲಿ ಬೆಲ್ಲ ಮಾಡುವುದನ್ನು ಇಂಗ್ಲಿಷಿನಲ್ಲಿ ಹೇಳಿ ನೋಡಿ. ಕಬ್ಬು ಅರೆಯಲಾಗುತ್ತದೆ, ಹಾಲು ಸೋಸಲಾಗುತ್ತದೆ, ಕೊಪ್ಪರಿಗೆಯಲ್ಲಿ ಕುದಿಸಲಾಗುತ್ತದೆ, ಮಡ್ಡಿ ತೆಗೆಯಲಾಗುತ್ತದೆ, ಪಾಕ ಅಚ್ಚಿಗೆ ಹೊಯ್ಯಲಾಗುತ್ತದೆ. ಹೀಗೆ ಕನ್ನಡದಲ್ಲಿ ಯಾರೂ ಮಾತಾಡುವುದಿಲ್ಲ, ಆದರೆ ಇಂಗ್ಲಿಷಿನಲ್ಲಿ ಇಂಥ ಕಡೆ ಪ್ಯಾಸಿವ್ ವಾಯ್ಸೇ ಸಹಜ.

ಇಂಗ್ಲಿಷ್ ಸಿನಿಮಾ ನೋಡಿ ಅಂತ ಬಹಳ ಜನ ಹೇಳಿದ್ದೀರಿ. ಕಿವಿಗೆ ಒಳ್ಳೆಯದು, ವಾಕ್ಯ ಕಟ್ಟಲು ಅಷ್ಟಕ್ಕಷ್ಟೇ. ಸಿನಿಮಾದಲ್ಲಿ ಅರ್ಧ ಮಾತು ತುಂಡು ತುಂಡಾಗಿರುತ್ತದೆ. ಅದರ ಬದಲು ಸ್ಟಾರ್ ಆಫ್ ಮೈಸೂರು ಓದಲಿ. 1978ರಿಂದ ಬರುತ್ತಿರುವ ನಮ್ಮೂರಿನ ಇಂಗ್ಲಿಷ್ ಸಂಜೆ ಪೇಪರು, ಆನ್‌ಲೈನ್‌ನಲ್ಲೂ ಸಿಗುತ್ತದೆ. ರಸ್ತೆ ಗುಂಡಿ, ನೀರಿನ ಪೈಪು, ದಸರಾ ಆನೆ, ಎಲ್ಲ ಗೊತ್ತಿರುವ ವಿಷಯ, ಅರ್ಥಕ್ಕೆ ಒದ್ದಾಡಬೇಕಿಲ್ಲ, ಗಮನ ಪೂರ್ತಿ ವಾಕ್ಯದ ಮೇಲೆ ಇಡಬಹುದು. ಒಂದು ಚಿಕ್ಕ ಸುದ್ದಿ ಓದಿ, ಪೇಪರ್ ಮಡಚಿ, ಅದನ್ನೇ ತನ್ನ ವಾಕ್ಯದಲ್ಲಿ ಬರೆದು, ಮತ್ತೆ ಬಿಚ್ಚಿ ಹೋಲಿಸಲಿ. ಅವರು ಇಟ್ಟು ತಾನು ಬಿಟ್ಟ 'ದ', 'ಎ' ಎಲ್ಲ ಕಣ್ಣಿಗೆ ಹೊಡೆಯುತ್ತದೆ.

ಕೊನೆಗೆ, ಒಬ್ಬ ಅಕ್ಕ ಬರೆದ ಮಾತಿಗೆ ನನ್ನ ತಕರಾರಿದೆ. ಈಗಿನಿಂದಲೇ ಮಗುವಿನ ಜೊತೆ ಇಂಗ್ಲಿಷಿನಲ್ಲೇ ಮಾತಾಡಲಿ, ಇಬ್ಬರಿಗೂ ಅಭ್ಯಾಸ ಆಗುತ್ತೆ ಅಂದಿದ್ದೀರಿ. ಅಕ್ಕಾ, ಮಗುವಿನ ಜೊತೆ ದಿನವೆಲ್ಲ ಆಡುವ ಮಾತು ಏನು? ಬಾ, ಕೂತ್ಕೋ, ಊಟ ಮಾಡು, ಶೂ ಹಾಕ್ಕೋ. ಇದರಿಂದ ತಾಯಿಗೆ ಪರೀಕ್ಷೆಯ ಒಂದು ವಾಕ್ಯವೂ ಬರುವುದಿಲ್ಲ. ಮಗುವಿಗೆ ಇಂಗ್ಲಿಷ್ ಹೇಗೂ ಸ್ಕೂಲಿನಲ್ಲಿ ಸಿಕ್ಕೇ ಸಿಗುತ್ತದೆ. ಕನ್ನಡ ಸಿಗುವುದು ಮನೆಯಲ್ಲಿ ಮಾತ್ರ. ಹೊರಗೆ ಬಂದ ಮೇಲೆ ಅದನ್ನು ವಾಪಸ್ ತರಲು ಎಷ್ಟು ಪಾಡು ಅಂತ ಈ ಗುಂಪಿನಲ್ಲಿರುವ ನಮಗೆಲ್ಲ ಗೊತ್ತು, ಅಲ್ವಾ?

ನಮ್ಮ ಮನೆಯಲ್ಲಿ ಬೇರೆ ಏರ್ಪಾಡಿದೆ. ನನ್ನ ಮಗಳು ಮೆಲ್ಬರ್ನ್‌ನಲ್ಲಿ ಹುಟ್ಟಿದವಳು. ಅವಳ ಕನ್ನಡ ನನ್ನ ತಂಗಿಯ ಇಂಗ್ಲಿಷಿನ ಉಲ್ಟಾ. 'ನಾನು ತಿಂದೆ ದೋಸೆ ಅಜ್ಜಿ ಮನೇಲಿ' ಅನ್ನುತ್ತಾಳೆ. ಹಾಗಾಗಿ ಸಂಜೆ ಇಬ್ಬರನ್ನೂ ಎದುರು ಬದುರು ಕೂರಿಸುತ್ತೇನೆ. ಚಿಕ್ಕಮ್ಮ ಒಂದು ಕನ್ನಡ ವಾಕ್ಯ ಹೇಳುತ್ತಾಳೆ, ಇವಳು ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಾಳೆ. ಆಮೇಲೆ ಇವಳು ಇಂಗ್ಲಿಷಿನಲ್ಲಿ ಕೇಳುತ್ತಾಳೆ, ಚಿಕ್ಕಮ್ಮ ಇಂಗ್ಲಿಷಿನಲ್ಲೇ ಎರಡು ನಿಮಿಷ ಉತ್ತರ ಕೊಡಬೇಕು. ಸ್ಪೀಕಿಂಗ್‌ನ ಎರಡನೇ ಭಾಗದಲ್ಲಿ ಒಂದು ನಿಮಿಷ ಯೋಚಿಸಿ ಎರಡು ನಿಮಿಷದವರೆಗೆ ಮಾತಾಡಬೇಕಲ್ಲ, ಅದಕ್ಕೆ ಇದೇ ತಾಲೀಮು. ಚಿಕ್ಕಮ್ಮ ತಪ್ಪಿದರೆ ಇವಳು ನಗಬಾರದು, ಇವಳು ತಪ್ಪಿದರೆ ಅಜ್ಜಿ ನಗಬಾರದು. ಎರಡನೇ ನಿಯಮ ಅಷ್ಟಾಗಿ ನಡೆಯುತ್ತಿಲ್ಲ. ನಾನು ವಾಪಸ್ ಹೋದ ಮೇಲೆ ವಿಡಿಯೋ ಕಾಲ್‌ನಲ್ಲಿ ಮುಂದುವರಿಸುವ ಯೋಚನೆ ಇದೆ.

ನಿಮ್ಮ ಮನೆಯವರು ಒಂದು ಪತ್ರ, ಒಂದು ಪ್ರಬಂಧ ಬರೆದು ಫೋಟೋ ತೆಗೆದು ಕಳಿಸಲಿ. ಗುಂಪಿಗೆ ಹಾಕಲು ಸಂಕೋಚ ಇದ್ದರೆ ನನಗೊಬ್ಬಳಿಗೇ ಕಳಿಸಿದರೂ ಆಯಿತು. ತಿಂಗಳ ಕೊನೆಯವರೆಗೆ ನಾನು ಇಲ್ಲೇ ಇರುತ್ತೇನೆ. ಮಂಡ್ಯದಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ ದಾರಿ. ಮಗುನೂ ಕರೆದುಕೊಂಡು ಬಂದರೆ ನನ್ನ ಮಗಳಿಗೆ ಕನ್ನಡ ಮಾತಾಡಲು ಒಂದು ಜೊತೆ ಸಿಗುತ್ತದೆ.