ಸಹಾಯ ಬೇಕು: ಹಿನ್ನೀರಿನ ಕಡೆಯ ಮಕ್ಕಳಿಗೆ ಸಾರಿಗೆ ಭತ್ಯೆ

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರ ತಾಲ್ಲೂಕಿನಲ್ಲಿ ಶರಾವತಿ ಹಿನ್ನೀರಿನ ಕಡೆಯ ಹಳ್ಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಈ ಕಡೆ ಮನೆಗಳು ಗುಡ್ಡಕ್ಕೊಂದರಂತೆ ಚದುರಿವೆ. ಊರ ಸರ್ಕಾರಿ ಶಾಲೆ ಇರುವುದು ಐದನೇ ತರಗತಿವರೆಗೆ. ಆರಕ್ಕೆ ಹೋದರೆ ಕಾಡುದಾರಿಯಲ್ಲಿ ಮೂರು ಕಿಲೋಮೀಟರಿಗಿಂತ ಜಾಸ್ತಿ ನಡೆಯಬೇಕು. ಜೂನ್‌ನಲ್ಲಿ ಮಳೆ ಹಿಡಿದರೆ ಹಳ್ಳ ತುಂಬುತ್ತದೆ, ಜಿಗಣೆ ಕಾಟ ಬೇರೆ. ಮಕ್ಕಳು ವಾರಗಟ್ಟಲೆ ಮನೆಯಲ್ಲೇ ಉಳಿಯುತ್ತಾರೆ. ಹೆಣ್ಣುಮಕ್ಕಳನ್ನು ನೆಂಟರ ಮನೆಗೆ ಕಳಿಸುವುದೂ ಇದೆ. ನೋಡಿದರೆ ಸಂಕಟವಾಗುತ್ತದೆ.

ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ನಿಯಮದ ಪ್ರಕಾರ 6ರಿಂದ 8ನೇ ತರಗತಿಯ ಶಾಲೆ 3 ಕಿ.ಮೀ. ಒಳಗೆ ಇರಬೇಕು. ಇಲ್ಲದ ಕಡೆ ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸಾರಿಗೆ ಭತ್ಯೆಗೆ ಅವಕಾಶವಿದೆ. ನಮ್ಮ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಈ ಸಲ ಅರ್ಜಿ ಹಾಕಬೇಕೆಂದಿದೆ.

ನಿಮ್ಮೂರಲ್ಲಿ ಯಾರಾದರೂ ಇದನ್ನು ಪಡೆದಿದ್ದೀರಾ? ಮೊದಲು ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಹತ್ತಿರ ಹೋಗಬೇಕಾ, ನೇರ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗಾ? ಶಾಲೆ ಎಷ್ಟು ದೂರ ಅಂತ ತೋರಿಸಲು ಪಂಚಾಯಿತಿ ಪತ್ರ ಸಾಕಾಗುತ್ತದಾ? ಭತ್ಯೆಯನ್ನು ಒಟ್ಟುಗೂಡಿಸಿ ಜೀಪ್ ಮಾಡಿಕೊಂಡವರಿದ್ದರೆ ಬಾಡಿಗೆ ಹೇಗೆ ಹೊಂದಿಸಿದಿರಿ ಅಂತ ಹೇಳಿ. ಅರ್ಜಿಯ ಪ್ರತಿ ಇದ್ದರೆ ಹೆಸರು ಅಳಿಸಿ ಇಲ್ಲೇ ಹಾಕಿ. ಶಾಲೆ ಶುರುವಾಗುವ ಮೊದಲೇ ಅರ್ಜಿ ಕೊಡಬೇಕು ಅಂತಿದ್ದೇವೆ.