ಆರು ವಾರದ ಬಸುರಿ, ಸರ್ಟ್ರಾಲಿನ್ ನಿಲ್ಲಿಸಲೇ?

ಪ್ರಶ್ನೆ: ಎರಡು ವರ್ಷದಿಂದ ಸರ್ಟ್ರಾಲಿನ್ (ಖಿನ್ನತೆ, ಆತಂಕಕ್ಕೆ ಕೊಡುವ ಮಾತ್ರೆ) 50 ಮಿ.ಗ್ರಾಂ. ತೆಗೆದುಕೊಳ್ಳುತ್ತಿದ್ದೆ. ವಿಷಯ ತಿಳಿದ ಕೂಡಲೇ ಅತ್ತೆ ಮಾತ್ರೆಗಳನ್ನು ಬೀರುವಿನ ಮೇಲೆ ಎತ್ತಿಟ್ಟರು. ಮೂರು ದಿನವಾಯ್ತು. ತಲೆಸುತ್ತು, ಸುಮ್ನೆ ಅಳು. ಮಾತ್ರೆಯಿಂದ ಮಗುವಿಗೆ ತೊಂದರೆನಾ?

ಉತ್ತರ 1: ದಿಢೀರನೆ ನಿಲ್ಲಿಸಬೇಡಿ, ಇವತ್ತೇ ಡಾಕ್ಟರಿಗೆ ಫೋನ್ ಮಾಡಿ. ನಾನು ನಿಲ್ಲಿಸಿದ್ದೆ. ಐದನೇ ತಿಂಗಳಿಗೆ ಊಟ, ನಿದ್ದೆ ಎರಡೂ ಹೋದವು. ಅದೂ ಮಗುವಿಗೆ ಅಪಾಯವೇ ಅಲ್ವಾ? ಡಾಕ್ಟರ್ ಮತ್ತೆ ಶುರು ಮಾಡಿಸಿದರು. ಹುಟ್ಟಿದಾಗ ಮಗಳ ಪುಟ್ಟ ಕೈಗಳು ನಡುಗುತ್ತಿದ್ದವು, ಹಾಲು ಸರಿಯಾಗಿ ಎಳೆಯುತ್ತಿರಲಿಲ್ಲ. ನರ್ಸ್ ನನ್ನ ಎದೆಗೆ ಅವಚಿ ಮಲಗಿಸಿದರು. ನಾಲ್ಕನೇ ದಿನಕ್ಕೆ ಸರಿಹೋಯ್ತು.

ಉತ್ತರ 2: ಎಲ್ಲ ಮಾತ್ರೆಯೂ ಒಂದೇ ಅಲ್ಲ. ಮಗುವಿನ ಹೃದಯದ ದೋಷದ ಆತಂಕ ಇದೇ ಗುಂಪಿನ ಪ್ಯಾರಾಕ್ಸೆಟಿನ್ ಮಾತ್ರೆಗೆ ಜಾಸ್ತಿ. ಸರ್ಟ್ರಾಲಿನ್ ಅನ್ನು ಬಸುರಿಯರಿಗೆ ಡಾಕ್ಟರುಗಳು ಬರೆಯುತ್ತಾರೆ. ರಾತ್ರಿ ಭಯವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ.

ಪ್ರಶ್ನೆ ಕೇಳಿದವಳು: ನಾಳೆ ಹತ್ತಕ್ಕೆ ಡಾಕ್ಟರ್ ಬರಹೇಳಿದ್ದಾರೆ. ಅತ್ತೆಯೂ ಬರುತ್ತಾರೆ.