ಕಾಲದ ಹಿನ್ನೆಲೆ ಒಂದು ಕಡೆ, ಸಿನಿಮಾ ಇನ್ನೊಂದು ಕಡೆ: ವಿಶ್ಲೇಷಣೆಯಲ್ಲಿ ಇವೆರಡನ್ನು ಕೂಡಿಸುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಚಲನಚಿತ್ರ ಅಧ್ಯಯನದ ತರಗತಿಗಾಗಿ 1948ರ ಇಟಾಲಿಯನ್ ಚಿತ್ರ ‘ಬೈಸಿಕಲ್ ಥೀವ್ಸ್’ ಕುರಿತು ಒಂದು ಪ್ರಬಂಧ ಬರೆಯುತ್ತಿದ್ದೇನೆ. ಚಿತ್ರವನ್ನು ಅದರ ಸಾಮಾಜಿಕ ಮತ್ತು ಸಾಂಸ್ಕೃತಿಕ ಸಂದರ್ಭದಲ್ಲಿಟ್ಟು ವಿಶ್ಲೇಷಿಸಬೇಕು ಎಂಬುದು ನನಗೆ ಕೊಟ್ಟಿರುವ ಕೆಲಸ. ಮೊದಲ ನಾಲ್ಕು ಪುಟಗಳಲ್ಲಿ ಯುದ್ಧದ ನಂತರದ ಇಟಲಿಯ ನಿರುದ್ಯೋಗ, ವಸತಿಯ ಅಭಾವ, ಫ್ಯಾಸಿಸಂನ ಪತನ ಇವೆಲ್ಲವನ್ನೂ ಬರೆದೆ. ಆಮೇಲಿನ ಎಂಟು ಪುಟಗಳಲ್ಲಿ ಕಥೆ, ನಟನೆ, ಛಾಯಾಗ್ರಹಣಗಳನ್ನು ವಿವರಿಸಿದೆ. ಕರಡನ್ನು ಓದಿದ ಅಧ್ಯಾಪಕರು ಅಂಚಿನಲ್ಲಿ ಬರೆದದ್ದು ಒಂದೇ ಮಾತು: ಈ ಮೊದಲ ನಾಲ್ಕು ಪುಟಗಳನ್ನು ಕಿತ್ತು ಅದೇ ವರ್ಷದ ಬೇರೆ ಯಾವುದೇ ಇಟಾಲಿಯನ್ ಚಿತ್ರದ ಪ್ರಬಂಧಕ್ಕೆ ಅಂಟಿಸಿದರೂ ನಡೆಯುತ್ತದೆ.

ಅವರು ಹೇಳಿದ್ದು ಸರಿ ಎಂದು ನನಗೂ ಅನಿಸಿದೆ. ಆದರೆ ಸರಿಪಡಿಸುವ ದಾರಿ ತೋಚುತ್ತಿಲ್ಲ. ಹಿನ್ನೆಲೆಯನ್ನು ಬಿಟ್ಟರೆ ಅದು ಸಂದರ್ಭದ ವಿಶ್ಲೇಷಣೆಯಾಗುವುದಿಲ್ಲ. ಉಳಿಸಿಕೊಂಡರೆ ಇತಿಹಾಸದ ಪಾಠವಾಗುತ್ತದೆ. ಸಮಾಜ ಮತ್ತು ಸಿನಿಮಾ ಪರಸ್ಪರ ತಾಗುವ ಜಾಗವನ್ನು ನೀವು ಹೇಗೆ ಗುರುತಿಸುತ್ತೀರಿ? ಅನುಭವವಿರುವವರು ದಯವಿಟ್ಟು ತಿಳಿಸಿಕೊಡಿ.

ಉತ್ತರ 1

ನಿಮ್ಮ ಅಧ್ಯಾಪಕರು ಅಂಚಿನಲ್ಲಿ ಬರೆದ ಮಾತನ್ನೇ ಒರೆಗಲ್ಲಾಗಿ ಇಟ್ಟುಕೊಳ್ಳಿ. ಹಿನ್ನೆಲೆಯ ಒಂದೊಂದು ಸಂಗತಿಯನ್ನು ಬರೆದಾಗಲೂ ಇದು ಚಿತ್ರದ ಯಾವ ದೃಶ್ಯದಲ್ಲಿ, ಯಾವ ಶಾಟ್‌ನಲ್ಲಿ ಕಾಣಿಸುತ್ತದೆ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಉತ್ತರ ಸಿಗದಿದ್ದರೆ, ಆ ಸಂಗತಿ ಎಷ್ಟೇ ನಿಜವಾಗಿದ್ದರೂ ನಿಮ್ಮ ಪ್ರಬಂಧದಲ್ಲಿ ಅದಕ್ಕೆ ಕೆಲಸವಿಲ್ಲ. ನಾನು ಯಾವಾಗಲೂ ದೃಶ್ಯದಿಂದ ಹೊರಟು ಸಮಾಜದ ಕಡೆಗೆ ಹೋಗುತ್ತೇನೆಯೇ ಹೊರತು ಸಮಾಜದಿಂದ ಹೊರಟು ದೃಶ್ಯವನ್ನು ಹುಡುಕುವುದಿಲ್ಲ.

ನಿಮ್ಮ ಚಿತ್ರದಲ್ಲೇ ಇದಕ್ಕೆ ಬಹಳ ಒಳ್ಳೆಯ ಉದಾಹರಣೆ ಇದೆ. ಬಹುಕಾಲ ನಿರುದ್ಯೋಗಿಯಾಗಿದ್ದ ಆಂಟೋನಿಯೊಗೆ ಗೋಡೆಗಳಿಗೆ ಪೋಸ್ಟರ್ ಅಂಟಿಸುವ ಕೆಲಸ ಸಿಗುತ್ತದೆ, ಆದರೆ ಸೈಕಲ್ ಇದ್ದರೆ ಮಾತ್ರ. ಅವನ ಸೈಕಲ್ ಗಿರವಿ ಅಂಗಡಿಯಲ್ಲಿದೆ. ಅದನ್ನು ಬಿಡಿಸಿಕೊಳ್ಳಲು ಹೆಂಡತಿ ಮರಿಯಾ ಮನೆಯ ಬೆಡ್‌ಶೀಟುಗಳನ್ನು ಒಯ್ದು ಗಿರವಿ ಇಡುತ್ತಾಳೆ. ಕಥೆಗೆ ಬೇಕಾದದ್ದು ಇಷ್ಟೇ, ಹಣ ಕೈಗೆ ಬಂದ ಕೂಡಲೇ ದೃಶ್ಯ ಮುಗಿಯಬಹುದಿತ್ತು. ಆದರೆ ನಿರ್ದೇಶಕ ವಿಟ್ಟೋರಿಯೊ ಡಿ ಸಿಕಾ ಅಲ್ಲಿಗೆ ನಿಲ್ಲಿಸುವುದಿಲ್ಲ. ಅಂಗಡಿಯ ನೌಕರನೊಬ್ಬ ಆ ಗಂಟನ್ನು ಎತ್ತಿಕೊಂಡು ಕಪಾಟುಗಳನ್ನು ಹತ್ತುತ್ತಾನೆ, ಅವನ ಜೊತೆಗೆ ನಮ್ಮ ನೋಟವೂ ಮೇಲೇರುತ್ತದೆ. ಅಲ್ಲಿ ಛಾವಣಿಯವರೆಗೂ ಅಂಥವೇ ಗಂಟುಗಳು ಒಟ್ಟಿಬಿದ್ದಿವೆ. ಒಂದೊಂದು ಗಂಟಿನ ಹಿಂದೆಯೂ ಹಾಸಿಗೆಯ ಬಟ್ಟೆಯನ್ನು ಅಡವಿಟ್ಟ ಒಂದೊಂದು ಕುಟುಂಬವಿದೆ ಎಂದು ಯಾವ ಪಾತ್ರವೂ ಬಾಯಿಬಿಟ್ಟು ಹೇಳುವುದಿಲ್ಲ. ನೀವು ನಾಲ್ಕು ಪುಟಗಳಲ್ಲಿ ಬರೆದ ಬಡತನವನ್ನು ಆ ಕಪಾಟಿನ ಎತ್ತರವೇ ಹೇಳಿಬಿಡುತ್ತದೆ. ನನ್ನ ಮಟ್ಟಿಗೆ ಆ ಚಿತ್ರದ ಅತ್ಯಂತ ದೊಡ್ಡ ಕ್ಷಣ ಅದು. ಕೊನೆಯ ದೃಶ್ಯಕ್ಕಿಂತಲೂ ಅದು ನನ್ನನ್ನು ಹೆಚ್ಚು ಕಾಡಿದೆ.

ಸೈಕಲ್ ಕಳುವಾದ ನಂತರ ತಂದೆ ಮಗ ಎಲ್ಲೆಲ್ಲಿಗೆ ಹೋಗುತ್ತಾರೆ ಎಂಬುದನ್ನೂ ಗಮನಿಸಿ. ಪೊಲೀಸರು ದೂರನ್ನು ಬರೆದುಕೊಂಡು ಸುಮ್ಮನಾಗುತ್ತಾರೆ. ನೆಲಮಾಳಿಗೆಯಲ್ಲಿ ಕಾರ್ಮಿಕರ ಸಭೆ ನಡೆಯುತ್ತಿದೆ, ಪಕ್ಕದಲ್ಲೇ ಹಾಡು ಕುಣಿತದ ತಾಲೀಮು ಸಾಗಿದೆ. ಅಲ್ಲಿಯ ಗೆಳೆಯ ಮನಸ್ಸಿಟ್ಟು ಹುಡುಕಿದರೂ ಸೈಕಲ್ ಸಿಗುವುದಿಲ್ಲ. ಚರ್ಚಿನಲ್ಲಿ ಬಡವರಿಗೆ ಕ್ಷೌರ ಮಾಡಿಸಿ, ಪ್ರಾರ್ಥನೆಗೆ ಕೂರಿಸಿ, ಸೂಪು ಕೊಡುತ್ತಾರೆ. ಕೊನೆಗೆ ಆಂಟೋನಿಯೊ ತಾನೇ ಹೀಗಳೆದಿದ್ದ ಭವಿಷ್ಯ ಹೇಳುವ ಹೆಂಗಸಿನ ಬಳಿಗೂ ಹೋಗುತ್ತಾನೆ. ಈಗ ಒಂದು ದಿನಾಂಕವನ್ನು ಇದರ ಪಕ್ಕದಲ್ಲಿಡಿ. 1948ರ ಏಪ್ರಿಲ್ 18ರಂದು ಇಟಲಿಯಲ್ಲಿ ಮಹಾಚುನಾವಣೆ ನಡೆಯಿತು. ಚರ್ಚಿನ ಬೆಂಬಲವಿದ್ದ ಕ್ರಿಶ್ಚಿಯನ್ ಡೆಮೊಕ್ರಾಟರು ಒಂದು ಕಡೆ, ಕಮ್ಯುನಿಸ್ಟರೂ ಸಮಾಜವಾದಿಗಳೂ ಸೇರಿದ ಎಡರಂಗ ಇನ್ನೊಂದು ಕಡೆ ನಿಂತು ದೇಶವೇ ಇಬ್ಭಾಗವಾದಂತಿತ್ತು. ಚಿತ್ರ ತೆರೆಗೆ ಬಂದದ್ದು ಅದೇ ವರ್ಷದ ನವೆಂಬರ್‌ನಲ್ಲಿ. ನಮ್ಮಲ್ಲಿಗೆ ಬನ್ನಿ ಎಂದು ಎರಡೂ ಬಣಗಳು ಕರೆಯುತ್ತಿದ್ದ ವರ್ಷದಲ್ಲಿ, ಎರಡೂ ಬಾಗಿಲುಗಳನ್ನು ತಟ್ಟಿ ಬರಿಗೈಯಲ್ಲಿ ಹಿಂದಿರುಗುವ ಮನುಷ್ಯನನ್ನು ತೋರಿಸುವುದು ಸಣ್ಣ ಮಾತಲ್ಲ. ಈ ಚುನಾವಣೆಯನ್ನು ನೀವು ಬೇರೆ ಚಿತ್ರದ ಪ್ರಬಂಧಕ್ಕೆ ಅಂಟಿಸಲಾರಿರಿ, ಏಕೆಂದರೆ ಅದು ಈ ಚಿತ್ರದ ಅಲೆದಾಟಕ್ಕೇ ಹೊಲಿದುಕೊಂಡಿದೆ.

ಮತ್ತೊಂದು ಸಣ್ಣ ಸಂಗತಿಯಿದೆ. ಸೈಕಲ್ ಕಳುವಾಗುವ ಹೊತ್ತಿಗೆ ಆಂಟೋನಿಯೊ ಅಂಟಿಸುತ್ತಿರುವುದು ಹಾಲಿವುಡ್ ತಾರೆ ರೀಟಾ ಹೇವರ್ತ್ ಅವರ ಪೋಸ್ಟರನ್ನು. ಯುದ್ಧ ಮುಗಿದ ಮೇಲೆ ಅಮೆರಿಕದ ಚಿತ್ರಗಳು ಇಟಲಿಯ ಚಿತ್ರಮಂದಿರಗಳನ್ನು ತುಂಬಿದ್ದವು. ಈ ವಿಷಯವನ್ನು ಹೆಚ್ಚು ಎಳೆಯಬೇಕಾಗಿಲ್ಲ, ಒಂದು ವಾಕ್ಯ ಸಾಕು.

ಉತ್ತರ 2

ಮೇಲಿನ ಉತ್ತರವನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಒಂದು ಎಚ್ಚರಿಕೆಯನ್ನು ಸೇರಿಸದೆ ಇರಲಾರೆ. ತೆರೆಯ ಮೇಲೆ ಕಂಡದ್ದೆಲ್ಲವನ್ನೂ ಸಮಾಜದ ನೇರ ಪ್ರತಿಬಿಂಬ ಎಂದು ಓದಿದರೆ ತಪ್ಪುದಾರಿ ಹಿಡಿಯುತ್ತೇವೆ. ಸಮಾಜಕ್ಕೂ ತೆರೆಗೂ ನಡುವೆ ನಿಯಮಗಳಿವೆ, ಹಣ ಹಾಕಿದವರಿದ್ದಾರೆ, ಕತ್ತರಿ ಹಿಡಿದವರಿದ್ದಾರೆ.

ಹಾಲಿವುಡ್ಡಿನ 1930 ಮತ್ತು 1940ರ ದಶಕಗಳ ಅಪರಾಧ ಚಿತ್ರಗಳನ್ನು ಸಾಲಾಗಿ ನೋಡಿದ ವಿದ್ಯಾರ್ಥಿಯೊಬ್ಬರು, ಅಲ್ಲಿ ಅಪರಾಧಿಗೆ ಕೊನೆಯಲ್ಲಿ ಶಿಕ್ಷೆ ತಪ್ಪದಿರುವುದನ್ನು ಕಂಡು, ಅಂದಿನ ಅಮೆರಿಕನ್ನರಿಗೆ ನ್ಯಾಯದ ಮೇಲೆ ಅಚಲವಾದ ನಂಬಿಕೆಯಿತ್ತು ಎಂದು ತೀರ್ಮಾನಿಸಬಹುದು. ವಾಸ್ತವದಲ್ಲಿ ಅದು ನಂಬಿಕೆಗಿಂತ ಹೆಚ್ಚಾಗಿ ಕಟ್ಟಳೆಯ ಫಲ. ಹೇಸ್ ಕೋಡ್ ಎಂದು ಹೆಸರಾದ ನಿಯಮಾವಳಿಯನ್ನು ಚಿತ್ರೋದ್ಯಮವೇ 1930ರಲ್ಲಿ ಒಪ್ಪಿಕೊಂಡು, 1934ರಿಂದ ಕಟ್ಟುನಿಟ್ಟಾಗಿ ಜಾರಿಗೆ ತಂದಿತು. ಅಪರಾಧಿಯ ಬಗ್ಗೆ ಪ್ರೇಕ್ಷಕರಲ್ಲಿ ಸಹಾನುಭೂತಿ ಹುಟ್ಟಬಾರದು, ಕಪ್ಪು ಮತ್ತು ಬಿಳಿಯ ಜನರ ನಡುವೆ ಪ್ರಣಯ ಸಂಬಂಧವನ್ನು ತೋರಿಸಬಾರದು ಎಂಬಂಥ ಕಟ್ಟಳೆಗಳು ಅದರಲ್ಲಿದ್ದವು. 1968ರಲ್ಲಿ ವಯಸ್ಸಿಗೆ ತಕ್ಕ ಶ್ರೇಣಿ ನೀಡುವ ಪದ್ಧತಿ ಬರುವವರೆಗೂ, ಕೊನೆಗಾಲದಲ್ಲಿ ಬಹಳ ಸಡಿಲಗೊಂಡಿದ್ದರೂ, ಅದು ಉಳಿದಿತ್ತು. ಆದ್ದರಿಂದ ಆ ಕಾಲದ ಚಿತ್ರದಲ್ಲಿ ಅರ್ಥ ಹುಡುಕುವವರು ಕೊನೆಯ ಐದು ನಿಮಿಷಗಳಿಗಿಂತ ಅದಕ್ಕೆ ಮುಂಚಿನ ನೋಟಗಳನ್ನು, ನೆರಳುಗಳನ್ನು, ಮಾತಿನ ನಡುವಿನ ಮೌನವನ್ನು ಗಮನಿಸಬೇಕು. ಇಂಥ ಸ್ಥಿತಿ ಅಮೆರಿಕಕ್ಕೆ ಮಾತ್ರ ಸೀಮಿತವಲ್ಲ. ಇರಾನಿನಲ್ಲಿ 1979ರ ಕ್ರಾಂತಿಯ ನಂತರ ನಟಿಯರು ತೆರೆಯ ಮೇಲೆ ತಮ್ಮದೇ ಮನೆಯೊಳಗೂ ತಲೆ ಮುಚ್ಚಿಕೊಂಡಿರಬೇಕಾಯಿತು. ಅಲ್ಲಿನ ನಿರ್ದೇಶಕರು ರಸ್ತೆಗಳಿಗೆ, ಕಾರುಗಳಿಗೆ, ಮಕ್ಕಳ ಕಥೆಗಳಿಗೆ ಹೊರಳಿದ್ದರ ಹಿಂದೆ ಇದೂ ಒಂದು ಕಾರಣ.

ಹೇಸ್ ಕೋಡ್ ನಿಮ್ಮ ಚಿತ್ರವನ್ನೂ ಮುಟ್ಟಿದೆ. ‘ಬೈಸಿಕಲ್ ಥೀವ್ಸ್’ ಅಮೆರಿಕಕ್ಕೆ ಹೋದಾಗ, ಆಂಟೋನಿಯೊನ ಮಗ ಬ್ರೂನೊ ಗೋಡೆಯ ಬಳಿ ಮೂತ್ರಕ್ಕೆ ನಿಲ್ಲಲು ಹೋಗುವ ತುಣುಕನ್ನೂ, ಕಳ್ಳನನ್ನು ಅಟ್ಟಿಸಿಕೊಂಡು ವೇಶ್ಯಾಗೃಹದೊಳಗೆ ನುಗ್ಗುವ ದೃಶ್ಯವನ್ನೂ ತೆಗೆಯಬೇಕೆಂದು ನಿಯಮಪಾಲನೆಯ ಕಚೇರಿ ಕೇಳಿತು. ಡಿ ಸಿಕಾ ಮತ್ತು ವಿತರಕ ಜೋಸೆಫ್ ಬರ್ಸ್ಟಿನ್ ಒಪ್ಪಲಿಲ್ಲ. ಚಿತ್ರ ಅನುಮೋದನೆಯ ಮುದ್ರೆಯಿಲ್ಲದೆಯೇ ಪ್ರದರ್ಶನ ಕಂಡಿತು. ಅದೇ ವಿತರಕ ಇನ್ನೊಂದು ಇಟಾಲಿಯನ್ ಚಿತ್ರಕ್ಕಾಗಿ ಹೂಡಿದ ಮೊಕದ್ದಮೆಯಲ್ಲೇ 1952ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಸಿನಿಮಾಗೂ ವಾಕ್‌ಸ್ವಾತಂತ್ರ್ಯದ ರಕ್ಷಣೆಯಿದೆ ಎಂದಿತು. 1915ರಲ್ಲಿ ಅದೇ ನ್ಯಾಯಾಲಯ ಇದಕ್ಕೆ ವಿರುದ್ಧವಾಗಿ ತೀರ್ಪಿತ್ತಿತ್ತು. ಒಂದು ಚಿತ್ರದ ಸಂದರ್ಭ ಅದು ಹುಟ್ಟಿದ ದೇಶದ ಗಡಿಗೇ ಮುಗಿಯುವುದಿಲ್ಲ.

ನೋಡುತ್ತಿರುವ ಪ್ರತಿ ಯಾವುದು ಎಂದು ಕೇಳಿಕೊಳ್ಳುವುದೂ ಇದೇ ಕಾರಣಕ್ಕೆ ಮುಖ್ಯ. ಜಪಾನಿನ ದೈತ್ಯಪ್ರಾಣಿ ಚಿತ್ರ ‘ಗೊಜಿರಾ’ (ಗಾಡ್ಜಿಲ್ಲಾ) 1954ರ ನವೆಂಬರ್‌ನಲ್ಲಿ ತೆರೆಕಂಡಿತು. ಅದೇ ವರ್ಷದ ಮಾರ್ಚ್ 1ರಂದು ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ನಡೆಸಿದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ವಿಕಿರಣ ಬೂದಿ ಜಪಾನಿನ ಮೀನುಗಾರಿಕೆ ದೋಣಿಯೊಂದರ ಮೇಲೆ ಸುರಿದಿತ್ತು. ಚಿತ್ರ ಶುರುವಾಗುವುದೂ ಬೆಳಕಿನ ಹೊಳಹಿಗೆ ಸಿಕ್ಕಿ ನಾಶವಾಗುವ ಹಡಗಿನಿಂದಲೇ. ರೈಲಿನಲ್ಲಿ ಕುಳಿತ ಯುವತಿಯೊಬ್ಬಳು ತಾನು ನಾಗಾಸಾಕಿಯಿಂದ ಪಾರಾಗಿ ಬಂದದ್ದನ್ನು ನೆನೆಯುತ್ತಾಳೆ. 1956ರಲ್ಲಿ ಅಮೆರಿಕದ ಪ್ರೇಕ್ಷಕರಿಗಾಗಿ ಹೊಸ ಪಾತ್ರವನ್ನು ಸೇರಿಸಿ ಮರುಸಂಕಲಿಸಿದ ಪ್ರತಿಯಲ್ಲಿ ಆ ಮಾತಿಲ್ಲ. ಆ ಪ್ರತಿಯನ್ನು ಮಾತ್ರ ನೋಡಿದವರಿಗೆ ಅದು ದೈತ್ಯಪ್ರಾಣಿಯ ಸಾಹಸಕಥೆಯಾಗಿ ಕಂಡರೆ ಅವರನ್ನು ದೂರುವಂತಿಲ್ಲ.

ಕೊನೆಯದಾಗಿ, ಮುಂದಾದದ್ದನ್ನು ತಿಳಿದುಕೊಂಡು ಹಿಂದಿನದನ್ನು ಓದುವ ಆಸೆಯನ್ನು ಹಿಡಿತದಲ್ಲಿಡಿ. ಜರ್ಮನಿಯ 1920ರ ‘ದಿ ಕ್ಯಾಬಿನೆಟ್ ಆಫ್ ಡಾಕ್ಟರ್ ಕ್ಯಾಲಿಗರಿ’ಯಲ್ಲಿ ಹಿಟ್ಲರನ ಮುನ್ಸೂಚನೆಯನ್ನು ಕಂಡ ಸೀಗ್‌ಫ್ರೀಡ್ ಕ್ರಾಕಾವರ್ ಅವರ 1947ರ ವ್ಯಾಖ್ಯಾನ ಬಹಳ ಪ್ರಸಿದ್ಧವಾದದ್ದು. ಮೂಲಕಥೆಗೆ ಹೊರಚೌಕಟ್ಟೇ, ಅಂದರೆ ಅದನ್ನು ಸುತ್ತುವರಿಯುವ ಇನ್ನೊಂದು ಕಥೆಯೇ, ಇರಲಿಲ್ಲ, ಆಮೇಲೆ ಹೇರಿದ ಚೌಕಟ್ಟು ಅಧಿಕಾರದ ಟೀಕೆಯನ್ನು ಮೊಂಡಾಗಿಸಿತು ಎಂಬುದು ಅವರ ವಾದದ ಒಂದು ಮುಖ್ಯ ಆಧಾರ. ಅದಕ್ಕೆ ಅವರು ನೆಚ್ಚಿದ್ದು ಚಿತ್ರಕಥೆಗಾರರಲ್ಲೊಬ್ಬರ ನೆನಪನ್ನು. ಮುಂದೆ ಬೆಳಕಿಗೆ ಬಂದ ಚಿತ್ರಕಥೆಯ ಪ್ರತಿಯಲ್ಲಿ ಬೇರೆ ಬಗೆಯದಾದರೂ ಒಂದು ಚೌಕಟ್ಟು ಮೊದಲೇ ಇದ್ದದ್ದು ಕಂಡುಬಂತು. ಅಷ್ಟು ದೊಡ್ಡ ವಿದ್ವಾಂಸರನ್ನೂ ಒಬ್ಬರ ನೆನಪು ದಾರಿ ತಪ್ಪಿಸಿತು ಎಂದಮೇಲೆ ನಾವು ಎಷ್ಟು ಹುಷಾರಾಗಿದ್ದರೂ ಕಡಿಮೆಯೇ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಗಿರವಿ ಅಂಗಡಿಯ ದೃಶ್ಯವನ್ನು ನಿನ್ನೆ ರಾತ್ರಿ ಮೂರು ಬಾರಿ ನೋಡಿದೆ. ನನ್ನ ಕರಡಿನಲ್ಲಿ ಅದರ ಉಲ್ಲೇಖವೇ ಇರಲಿಲ್ಲ.

ಈಗ ಇನ್ನೊಂದು ಸಂಶಯ ಹುಟ್ಟಿದೆ. ಸೈಕಲ್ ಕಳುವಾದ ಸ್ವಲ್ಪ ಹೊತ್ತಿಗೆಲ್ಲ ಮರಿಯಾ ಚಿತ್ರದಿಂದ ಮರೆಯಾಗುತ್ತಾಳೆ, ಉಳಿದದ್ದೆಲ್ಲವೂ ತಂದೆ ಮಗನ ಕಥೆ. ಇದನ್ನು ಪ್ರಬಂಧದಲ್ಲಿ ಪ್ರಶ್ನಿಸಬೇಕೆನಿಸುತ್ತದೆ. ಆದರೆ ಇಂದಿನ ಮೌಲ್ಯಗಳಿಂದ ಅಂದಿನ ಚಿತ್ರವನ್ನು ಅಳೆಯುವುದು ಅನ್ಯಾಯ ಎಂದು ಸಹಪಾಠಿಯೊಬ್ಬರು ಹೇಳಿದರು. ಸಂದರ್ಭದಲ್ಲಿಟ್ಟು ಓದುವುದೆಂದರೆ ಅಂದು ಎಲ್ಲರೂ ಹಾಗೆಯೇ ಇದ್ದರು ಎಂದು ಕ್ಷಮಿಸಿಬಿಡುವುದೇ?

ಉತ್ತರ 3

ಖಂಡಿತ ಅಲ್ಲ. ಸಂದರ್ಭವನ್ನು ಸರಿಯಾಗಿ ಹುಡುಕಿದರೆ, ಅಂದು ಎಲ್ಲರೂ ಹಾಗೆಯೇ ಇರಲಿಲ್ಲ ಎಂಬುದೇ ಹೆಚ್ಚಿನ ಸಲ ಕಾಣಸಿಗುತ್ತದೆ.

ಅಮೆರಿಕದ 1915ರ ‘ದಿ ಬರ್ತ್ ಆಫ್ ಎ ನೇಷನ್’ ಚಿತ್ರವನ್ನು ನೋಡಿ. ಅದು ಕಪ್ಪು ಜನರ ಮೇಲೆ ಹಿಂಸೆ ನಡೆಸುತ್ತಿದ್ದ ಬಿಳಿಯರ ಗುಪ್ತ ಸಂಘಟನೆ ಕು ಕ್ಲಕ್ಸ್ ಕ್ಲಾನನ್ನು ವೀರರ ದಂಡಾಗಿಯೂ ಕಪ್ಪು ಜನರನ್ನು ಅಪಾಯಕಾರಿಗಳಾಗಿಯೂ ಚಿತ್ರಿಸುತ್ತದೆ. ಕಾಲವೇ ಹಾಗಿತ್ತು ಎಂದು ಅದನ್ನು ಸಮರ್ಥಿಸುವವರು ಈಗಲೂ ಇದ್ದಾರೆ. ಆದರೆ 1909ರಲ್ಲಿ ಸ್ಥಾಪನೆಯಾಗಿದ್ದ, ಕಪ್ಪು ಜನರ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಎನ್‌ಎಎಸಿಪಿ ಸಂಘಟನೆ ಬಿಡುಗಡೆಯ ವರ್ಷದಲ್ಲೇ ಹಲವು ನಗರಗಳಲ್ಲಿ ಚಿತ್ರವನ್ನು ಪ್ರತಿಭಟಿಸಿತು. ಆ ಪ್ರತಿಭಟನಕಾರರೂ ಅದೇ ಕಾಲದ ಜನರೇ ತಾನೆ? ಅಳಿದುಹೋಗಿದ್ದ ಕ್ಲಾನ್ ಮತ್ತೆ ಸಂಘಟಿತವಾದದ್ದೂ ಅದೇ ವರ್ಷದಲ್ಲಿ. ಸಿನಿಮಾ ಸಮಾಜವನ್ನು ತೋರಿಸುವುದರ ಜೊತೆಗೆ ಸಮಾಜದ ಮೇಲೆ ಕೈ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಕಹಿಯಾದ ಸಾಕ್ಷಿ ನನಗೆ ಗೊತ್ತಿಲ್ಲ. ಆ ಚಿತ್ರದ ತಂತ್ರವನ್ನು ಹೊಗಳಿ ಆಶಯವನ್ನು ಮಾತ್ರ ತೆಗಳುವ ಬರಹಗಳೂ ನನಗೆ ಅರೆಬರೆಯಾಗಿ ತೋರುತ್ತವೆ. ಮುತ್ತಿಗೆಗೆ ಸಿಕ್ಕವರನ್ನೂ ಕುದುರೆಯೇರಿ ಧಾವಿಸುವ ಕ್ಲಾನಿನವರನ್ನೂ ಒಂದಾದಮೇಲೊಂದರಂತೆ ತೋರಿಸುವ ಆ ಸಂಕಲನವೇ, ಕ್ಲಾನ್ ಬೇಗ ಬರಲಿ ಎಂದು ಪ್ರೇಕ್ಷಕರು ಹಾರೈಸುವಂತೆ ಮಾಡುತ್ತದೆ. ಅಲ್ಲಿ ಜನಾಂಗದ್ವೇಷವನ್ನು ಹೊತ್ತು ತರುವುದೇ ಆ ತಂತ್ರ.

ನಿಮ್ಮ ಮರಿಯಾಳ ವಿಷಯಕ್ಕೆ ಬರುತ್ತೇನೆ. ಇಟಲಿಯ ಮಹಿಳೆಯರು ರಾಷ್ಟ್ರಮಟ್ಟದಲ್ಲಿ ಮೊದಲ ಬಾರಿಗೆ ಮತ ಹಾಕಿದ್ದು 1946ರ ಜೂನ್‌ನಲ್ಲಿ, ರಾಜಪ್ರಭುತ್ವವೋ ಗಣರಾಜ್ಯವೋ ಎಂದು ನಿರ್ಧರಿಸುವ ಜನಮತಗಣನೆಯಲ್ಲಿ. ಚಿತ್ರ ಬಂದದ್ದು ಅದಾಗಿ ಎರಡೇ ವರ್ಷಗಳಿಗೆ. ಹೆಣ್ಣಿನ ಸ್ಥಾನ ಯಾವುದು ಎಂಬ ಪ್ರಶ್ನೆ ಅಲ್ಲಿ ಆಗಲೇ ಎದ್ದು ನಿಂತಿತ್ತು. ಆದ್ದರಿಂದ ನೀವು ಇಂದಿನ ಅಳತೆಗೋಲನ್ನು ಅಲ್ಲಿಗೆ ಒಯ್ಯುತ್ತಿದ್ದೀರಿ ಎಂಬ ಆಕ್ಷೇಪ ನಿಲ್ಲುವುದಿಲ್ಲ. ಆದರೆ ಚಿತ್ರ ಮರಿಯಾಳನ್ನು ಕಡೆಗಣಿಸಿತು ಎಂದು ಬರೆದು ಮುಗಿಸಲೂಬೇಡಿ. ಆರಂಭದಲ್ಲಿ ಸಾರ್ವಜನಿಕ ನಲ್ಲಿಯಿಂದ ನೀರು ಹೊತ್ತು ಬರುತ್ತಿರುವವಳು ಅವಳು. ಸೈಕಲ್ ಇಲ್ಲವೆಂದು ಗಂಡ ಕೈಚೆಲ್ಲಿ ಕುಳಿತಾಗ, ಮರುಮಾತಿಲ್ಲದೆ ಹಾಸಿಗೆಯ ಮೇಲಿನ ಬೆಡ್‌ಶೀಟುಗಳನ್ನು ಎಳೆದು ತೆಗೆಯುವವಳೂ ಅವಳೇ. ಮೇಲೆ ಒಬ್ಬರು ವಿವರಿಸಿದ ಆ ಕಪಾಟಿನವರೆಗೆ ನಮ್ಮನ್ನು ಕರೆದೊಯ್ಯುವ ಗಂಟು ಅವಳು ಕಟ್ಟಿದ್ದು. ಉಪಾಯ ಹೂಡಿದವಳು ಮನೆಯಲ್ಲಿ ಉಳಿದು, ಅಲೆದಾಟವೂ ಅವಮಾನವೂ ಗಂಡಸಿನ ಕಥೆಯಾಗಿ ಮುಂದುವರಿಯುವುದು ಯಾವ ದೃಶ್ಯದಿಂದ ಎಂದು ಗುರುತು ಹಾಕಿಕೊಂಡು, ನಿಮ್ಮ ಪ್ರಬಂಧವನ್ನು ಅಲ್ಲಿಂದಲೇ ಆರಂಭಿಸಬಹುದು.